ಮೇಲಿನ ಮನೆಯೋ ಕೆಳಗಿನ ಮನೆಯೋ

ಟೈಲ್ಸ್ ಹಾಕುವ ಮೇಸ್ತ್ರಿಗೆ ಒಂದು ಚಾಳಿ ಇತ್ತು. ಯಾವುದನ್ನೇ ಆಗಲಿ, ಸಿಮೆಂಟಿಲ್ಲದೆ ಒಂದು ಸಲ ಸುಮ್ಮನೆ ಜೋಡಿಸಿ ನೋಡದೆ ಅವನ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಕೋಣೆ ಎಷ್ಟೇ ಚಿಕ್ಕದಿರಲಿ, ಮನೆಯೊಡೆಯ ಎಷ್ಟೇ ಅವಸರ ಮಾಡಲಿ, ಮೊದಲು ಟೈಲ್ಸನ್ನೆಲ್ಲ ಒಣದಾಗಿ ನೆಲಕ್ಕೆ ಹಾಸಬೇಕು, ಮೂಲೆಯಲ್ಲಿ ತುಂಡು ಎಲ್ಲಿ ಬೀಳುತ್ತೆ, ಬಾಗಿಲ ಹತ್ತಿರ ಸಂದಿ ಎಷ್ಟು ಬರುತ್ತೆ ನೋಡಬೇಕು, ಆಮೇಲೆ ಎಲ್ಲ ಎತ್ತಿಟ್ಟು ಕೆಲಸ ಶುರು. ಇದು ಕೆಲಸದ ಜಾಗದಲ್ಲಿದ್ದರೆ ಯಾರಿಗೂ ತಕರಾರಿಲ್ಲ. ಮನೆಯಲ್ಲೂ ಇದೇ ಅಂದರೆ ಹೆಂಡತಿ ಮಕ್ಕಳ ಪಾಡೇನು? ಹೊಸ ಮಂಚ ತರುವ ಮುಂಚೆ ಮಂಚದ ಅಳತೆಗೆ ಹಳೆ ಪೇಪರು ಹಾಸಿ, ಮನೆಮಂದಿಯೆಲ್ಲ ವಾರಗಟ್ಟಲೆ ಅದನ್ನು ಸುತ್ತಿ ಬಳಸಿ ಓಡಾಡುವಂತೆ ಮಾಡಿದ್ದ. ದೊಡ್ಡ ಮಗಳನ್ನು ಶಾಲೆಗೆ ಸೇರಿಸುವ ಮುಂಚೆ, ರಜೆಯಲ್ಲೇ ಬೆನ್ನಿಗೆ ಬ್ಯಾಗು ಹಾಕಿಸಿ ಶಾಲೆಯ ಗೇಟಿನ ತನಕ ನಡೆಸಿಕೊಂಡು ಹೋಗಿದ್ದ. ಆ ಮಗು ಗೇಟಿಗೆ ಬೀಗ ಬಿದ್ದಿದ್ದು ನೋಡಿ, ಶಾಲೆ ಅಂದರೆ ಇಷ್ಟೇನಾ ಅಂತ ಖುಷಿಯಾಗಿ ವಾಪಸ್ ಬಂದಿತ್ತು.

ಇಂಥವನ ಮನೆಯಲ್ಲಿ ಪ್ರವಾಸದ ಮಾತು ಎದ್ದರೆ ಹೇಗಿರುತ್ತೆ, ನೀವೇ ಹೇಳಿ.

ಎಬ್ಬಿಸಿದವಳು ಹೆಂಡತಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬರುತ್ತಿದ್ದ ಒಬ್ಬಳು ಗಿರಾಕಿ ತಂಪು ಕನ್ನಡಕ ಕೊಂಡು ಮೆಡಿಟರೇನಿಯನ್ ಸಮುದ್ರದ ಯಾವುದೋ ದ್ವೀಪಕ್ಕೆ ಹೋಗಿ ಬಂದಿದ್ದಳು. ಬಂದಮೇಲೆ ಕನ್ನಡಕದ ಕಡ್ಡಿ ಸಡಿಲಾಗಿದೆ ಅನ್ನುವ ನೆಪ ಹೇಳಿಕೊಂಡು ಕೌಂಟರಿಗೆ ಒರಗಿ ನಿಂತು ಫೋಟೊ ತೋರಿಸಿದ್ದೇ ತೋರಿಸಿದ್ದು. ನೀರು ತಳ ಕಾಣುವಷ್ಟು ತಿಳಿ, ಸುಣ್ಣ ಹೊಡೆದ ಬಿಳಿ ಮನೆಗಳು, ಚಿಕ್ಕ ಮಕ್ಕಳು ಬಹಳ ದೂರ ನಡೆದು ಹೋದರೂ ನೀರು ಸೊಂಟ ದಾಟುವುದಿಲ್ಲವಂತೆ. ದೊಡ್ಡ ಹೋಟೆಲುಗಳ ತಂಟೆಗೆ ಹೋಗದೆ, ರಜೆಯ ಕೊನೆಯಲ್ಲಿ ಜನ ಕರಗಿದ ಮೇಲೆ ಹೋಗಿ, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ನಮ್ಮಂಥವರ ಕೈಗೂ ಎಟುಕುತ್ತೆ ಅಂದಳಂತೆ. ಮೇಸ್ತ್ರಿಯ ಹೆಂಡತಿ ಅವತ್ತು ಕಡ್ಡಿ ಬಿಗಿ ಮಾಡಿ ಕಳಿಸಿದವಳು, ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಸಮುದ್ರದ ಸುದ್ದಿ ಹೇಳಿದಳು.

ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಚಿಕ್ಕ ಮಗಳು ಗುಬ್ಬಿಯಂತೂ ಆವತ್ತಿನಿಂದಲೇ ಸೋಫಾದ ಮೇಲೆ ಬೋರಲು ಬಿದ್ದು ಕೈಕಾಲು ಬಡಿದು ಈಜು ಕಲಿಯತೊಡಗಿದಳು. ಅಪ್ಪನ ಮಗಳು, ಅದೂ ಒಣ ಈಜು. ಮೇಸ್ತ್ರಿಗೆ ಅವಳನ್ನು ನೋಡುತ್ತಾ ನೋಡುತ್ತಾ ಎದೆ ತುಂಬಿ ಬಂತು. ಏನೇ ಆಗಲಿ, ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಮನೆಯಲ್ಲಿರುವ ತನ್ನ ಅಮ್ಮನನ್ನೂ ಆ ನೀರಿನಲ್ಲಿ ನಿಲ್ಲಿಸಿ ನೋಡಲೇಬೇಕು ಅಂತ ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಹೆಂಡತಿ ಹುಡುಕಿ ಹುಡುಕಿ ಎರಡು ಮನೆ ಆರಿಸಿದಳು. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬಾಡಿಗೆ. ಒಂದು ಗುಡ್ಡದ ಮೇಲಿನ ಮನೆ. ಎರಡು ಕೋಣೆ, ಒಂದು ಬಾಲ್ಕನಿ, ಬಾಲ್ಕನಿಯಲ್ಲಿ ನಿಂತರೆ ಇಡೀ ಸಮುದ್ರ ಕಣ್ಣಮುಂದೆ. ದಡದಿಂದ ಅಲ್ಲಿಗೆ ಒಂದು ಏರುದಾರಿ, ಆಮೇಲೆ ಮೆಟ್ಟಿಲು. ಇನ್ನೊಂದು ಕೆಳಗಿನ ಮನೆ. ಮರಳಿಗೆ ಅಂಟಿಕೊಂಡ ಹಾಗಿದೆ, ಒಂದು ಮೆಟ್ಟಿಲೂ ಇಲ್ಲ. ಆದರೆ ಇರುವುದು ಒಂದೇ ದೊಡ್ಡ ಕೋಣೆ, ಅದರ ಒಂದೇ ಕಿಟಕಿ ಐಸ್‌ಕ್ರೀಮ್ ಅಂಗಡಿಯ ಹಿತ್ತಿಲಿಗೆ ತೆರೆಯುತ್ತೆ. ಹೆಂಡತಿಯ ಮನಸ್ಸು ಬಾಲ್ಕನಿಯಲ್ಲಿ ಹೋಗಿ ಕೂತಿತ್ತು. ಬೆಳಿಗ್ಗೆ ಎದ್ದು ಒಂದು ಲೋಟ ಚಹಾ ಹಿಡಿದುಕೊಂಡು, ಯಾರ ಕಣ್ಣಿನ ನಂಬರೂ ನೋಡದೆ, ಬರೀ ನೀರು ನೋಡುತ್ತಾ ನಿಲ್ಲಬೇಕು ಅನ್ನುವುದು ಅವಳ ಆಸೆ.

ಮೇಸ್ತ್ರಿ ಮಾತ್ರ ಕೆಳಗಿನ ಮನೆಗೇ ಪಟ್ಟು ಹಿಡಿದ. ಯಾಕೆ ಅಂದರೆ, ಅಮ್ಮನಿಗೆ ಮೆಟ್ಟಿಲು ಆಗಲ್ಲ ಅಂದ.

ನಿಜ ಬೇರೆ ಇತ್ತು. ಮೆಟ್ಟಿಲು ಆಗದಿದ್ದದ್ದು ಅವನಿಗೆ. ಹದಿಹರೆಯದಿಂದ ಮಂಡಿಯೂರಿ ಊರಿನ ಅರ್ಧ ನೆಲ ಹಾಸಿದವನು, ಅವನ ಮಂಡಿ ಹಣ್ಣಾಗಿ ಹೋಗಿತ್ತು. ಬಲಗಾಲಂತೂ ಕೆಲವು ದಿನ ಮಡಚಿದರೆ ನೆಟ್ಟಗಾಗುತ್ತಿರಲಿಲ್ಲ, ನೆಟ್ಟಗಾದರೆ ಮಡಚುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಗೋಡೆ ಹಿಡಿದು ಏಳುತ್ತಿದ್ದ. ಮನೆಗೆ ಬರುವಾಗ ಬೀದಿಯ ತಿರುವಿನಲ್ಲಿ ನಿಂತು, ಸುಧಾರಿಸಿಕೊಂಡು, ಏನೂ ಆಗದವನ ಹಾಗೆ ನಡೆದು ಬರುತ್ತಿದ್ದ. ಹೆಂಡತಿಗೆ ಹೇಳಿದರೆ ಮುಗಿಯಿತು. ಅವಳು ಕೈ ಹಿಡಿದು ಡಾಕ್ಟರ ಮುಂದೆ ಕೂರಿಸುತ್ತಾಳೆ, ಡಾಕ್ಟರು ಮಂಡಿಯೂರುವ ಕೆಲಸ ಬಿಡು ಅನ್ನುತ್ತಾರೆ, ಸಮುದ್ರ ಮುಂದಿನ ವರ್ಷಕ್ಕೆ ಹೋಗುತ್ತೆ. ಮುಂದಿನ ವರ್ಷ ಅಂದದ್ದು ಯಾವತ್ತಾದರೂ ಬಂದಿದೆಯೇ? ಅದಕ್ಕೇ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಮೊದಲು ಸಮುದ್ರ, ಆಮೇಲೆ ಮಂಡಿ. ಆದರೆ ಎಲ್ಲರ ಬಟ್ಟೆ ತುಂಬಿದ ಸೂಟ್‌ಕೇಸು ಹೊತ್ತು ಗುಡ್ಡ ಹತ್ತಲು ಆಗದು ಅನ್ನುವುದೂ ಗೊತ್ತಿತ್ತು. ಹಾಗಾಗಿ ತನ್ನ ಮಂಡಿಯನ್ನು ತೆಗೆದು ಅಮ್ಮನ ಲೆಕ್ಕಕ್ಕೆ ಬರೆದುಬಿಟ್ಟ.

ಬರೆಯಬಾರದವರ ಲೆಕ್ಕಕ್ಕೆ ಬರೆದಿದ್ದ, ಪಾಪ. ಅವನ ಅಮ್ಮ ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ಮಾಡಿ ಮಗನನ್ನು ಒಬ್ಬಳೇ ಸಾಕಿದವಳು. ಈಗಲೂ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ, ನಿಮಗೇ ಬೇಕೇನೋ ಕೂತ್ಕೊಳ್ಳಿ, ಅನ್ನುವ ಜಾತಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತನ್ನ ಕಾಲಿನ ಮೇಲೆ ಮಗ ಇಲ್ಲದ ಅಪವಾದ ಹೊರಿಸಿದ್ದು ಕೇಳಿ ಅವಳು ಎರಡು ದಿನ ಮುಖ ಊದಿಸಿಕೊಂಡು ಕೂತಳು. ಮೂರನೆಯ ದಿನ ಬೀದಿಯ ಕೊನೆಯ ಅಂಗಡಿಗೂ ಮನೆಗೂ ಬೇಕಂತಲೇ ಹತ್ತು ಸಲ ಓಡಾಡಿದಳು. ಒಂದು ಸಲ ಉಪ್ಪು ಮರೆತೆ ಅಂತ, ಒಂದು ಸಲ ಸೋಪು ಮರೆತೆ ಅಂತ, ಒಂದು ಸಲ ಏನು ಮರೆತೆ ಅನ್ನುವುದೇ ಮರೆತುಹೋಯಿತು ಅಂತ. ಮೇಸ್ತ್ರಿ ಆದರೂ ಜಗ್ಗಲಿಲ್ಲ. ಇಲ್ಲೇನೋ ಸರಿ, ಅಲ್ಲಿ ಗುಡ್ಡ ಅಂದ, ಬಿಸಿಲು ಅಂದ, ವಯಸ್ಸು ಅಂತಲೂ ಒಂದು ಮಾತು ಜಾರಿಸಿಬಿಟ್ಟ. ಅಷ್ಟೇ, ಅಮ್ಮ ತಟ್ಟೆ ಸರಿಸಿ ಎದ್ದು ನಿಂತಳು.

“ನೀನು ಎಲ್ಲಾನೂ ಜೋಡಿಸಿ ನೋಡೋನಲ್ವೇನೋ? ನನ್ನ ಕಾಲೂ ಜೋಡಿಸಿ ನೋಡು.”

ಹೆಂಡತಿಗೆ ಅಷ್ಟೇ ಸಾಕಾಯಿತು. ಮೇಲಿನ ಮನೆಯವರು ಭಾನುವಾರ ಸಂಜೆಯ ತನಕ ಮನೆ ಬೇರೆಯವರಿಗೆ ಕೊಡದೆ ಹಿಡಿದಿಟ್ಟಿರುತ್ತೇವೆ ಅಂದಿದ್ದರು. ಹಾಗಾಗಿ ಭಾನುವಾರ ಬೆಳಿಗ್ಗೆ ಪರೀಕ್ಷೆ. ಏರುದಾರಿ, ಮೆಟ್ಟಿಲು ಎರಡೂ ಇರುವ ಊರಂಚಿನ ನೀರಿನ ಟ್ಯಾಂಕಿನ ದಿಬ್ಬವೇ ಗುಡ್ಡ, ಅದರ ಬುಡದ ಬಸ್ ನಿಲ್ದಾಣವೇ ಸಮುದ್ರದ ದಡ. ನಿಜವಾಗಿ ಹೋಗುವ ಹಾಗೆಯೇ ಹೋಗಬೇಕು, ಸೂಟ್‌ಕೇಸು ಸಮೇತ ಅಂತ ದೊಡ್ಡ ಮಗಳು ಸೇರಿಸಿದಳು. ಮೇಸ್ತ್ರಿ ಏನೆಂದು ಅಡ್ಡ ಬಂದಾನು? ವರ್ಷಗಟ್ಟಲೆ ತಾನೇ ಕಲಿಸಿದ ಪಾಠ, ಈಗ ತನ್ನ ಕುತ್ತಿಗೆಗೇ ಬಂತು.

ಭಾನುವಾರ ಅವರ ಮೆರವಣಿಗೆ ನೋಡಬೇಕಿತ್ತು. ಮುಂದೆ ಅಜ್ಜಿಯ ಕೈ ಹಿಡಿದ ಗುಬ್ಬಿ, ತಲೆಗೆ ಹ್ಯಾಟು, ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು. ಅವರ ಹಿಂದೆ ದೊಡ್ಡವಳು, ಆಮೇಲೆ ಕೈಚೀಲ ಹಿಡಿದ ಹೆಂಡತಿ, ಎಲ್ಲರಿಗಿಂತ ಕೊನೆಗೆ ದೊಡ್ಡ ಸೂಟ್‌ಕೇಸು ಎಳೆಯುವ ಮೇಸ್ತ್ರಿ. ಕ್ಷೌರದಂಗಡಿಯವನು ಬಾಗಿಲಿಗೆ ಬಂದು, ಎಲ್ಲಿಗೆ ಸವಾರಿ ಅಂತ ಕೇಳಿದ. ಸಮುದ್ರಕ್ಕೆ ಅಂದಳು ಗುಬ್ಬಿ. ಸಮುದ್ರ ಆ ಕಡೆ ಅಲ್ಲವಲ್ಲ ಅಂದ ಅವನು. ಯಾರೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

ಏರುದಾರಿಯಲ್ಲಿ ಸೂಟ್‌ಕೇಸಿಗೆ ಚಕ್ರವಾದರೂ ಇತ್ತು. ಮೆಟ್ಟಿಲು ಶುರುವಾದ ಮೇಲೆ ಅದನ್ನು ಎತ್ತಿಯೇ ಹತ್ತಬೇಕು. ಮೇಲೆ ಅಮ್ಮ ಒಂದೊಂದೇ ಮೆಟ್ಟಿಲು ದಾಟುತ್ತಾ, ನಡುನಡುವೆ ಬೇಕಂತಲೇ ತಿರುಗಿ, ಬರ್ತಿದ್ದೀರೇನ್ರಪ್ಪಾ ಅಂತ ಕೂಗುತ್ತಿದ್ದಳು. ಅವಳ ಉಸಿರು ಕೂಡ ಏರಿರಲಿಲ್ಲ. ಹೆಂಡತಿಯ ಮುಖದಲ್ಲಿ ಆಗಲೇ ಬಾಲ್ಕನಿ ಕಾಣುತ್ತಿತ್ತು.

ಮೇಸ್ತ್ರಿ ಅರ್ಧ ದಾರಿಯವರೆಗೆ ಹಲ್ಲು ಕಚ್ಚಿಕೊಂಡು ಬಂದ. ಆಮೇಲೆ ಬಲಮಂಡಿ ಕೈಕೊಟ್ಟಿತು. ಮೇಲೂ ಹೋಗದು, ಕೆಳಗೂ ಬರದು. ಬೆನ್ನಿನಲ್ಲಿ ತಣ್ಣಗೆ ಬೆವರು ಇಳಿಯಿತು. ಯಾರಾದರೂ ನೋಡಿಯಾರು ಅಂತ ಸೂಟ್‌ಕೇಸು ಕೆಳಗಿಟ್ಟು, ಪಕ್ಕದ ಮನೆಯ ಜಗಲಿಗೆ ಬಾಗಿ, ಯಾರೋ ಹಾಕಿದ ಟೈಲ್ಸಿನ ಸಂದಿಯ ಮೇಲೆ ಬೆರಳಾಡಿಸುತ್ತಾ ನಿಂತ. ಹೆಂಡತಿ ಹಿಂತಿರುಗಿ ನೋಡಿ, ಇಲ್ಲೂ ನಿಮ್ಮ ಬುದ್ಧಿ ಬಿಡಲ್ವಲ್ಲ ಅಂತ ನಕ್ಕು ಮುಂದೆ ಹೋದಳು.

ಅಮ್ಮ ನಗಲಿಲ್ಲ. ಟ್ಯಾಂಕಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಅವಳು ತಿರುಗಿದ್ದಳು, ಹಾಗೆಯೇ ನಿಂತಳು. ಮೇಸ್ತ್ರಿ ತಲೆ ಎತ್ತಿದಾಗ ಅವಳ ಕಣ್ಣು ನೇರವಾಗಿ ಅವನ ಬಲಗಾಲಿನ ಮೇಲಿತ್ತು. ಅಲ್ಲಿಂದ ಜಗಲಿ ಹಿಡಿದ ಕೈಗೆ ಬಂತು, ಕೊನೆಗೆ ಮುಖಕ್ಕೆ. ಚಿಕ್ಕವನಿದ್ದಾಗ ಬಿದ್ದು ಗಾಯ ಮಾಡಿಕೊಂಡು ಬಂದು ಬಾಗಿಲ ಹಿಂದೆ ನಿಂತರೂ ಈ ಕಣ್ಣು ಹೀಗೇ ಹುಡುಕಿಕೊಂಡು ಬರುತ್ತಿತ್ತು.

ಮರುಕ್ಷಣವೇ ಅಮ್ಮ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಮಂಡಿ ಹಿಡಿದುಕೊಂಡಳು.

“ಆಗಲ್ಲಮ್ಮ ನನ್ನ ಕೈಲಿ,” ಅಂದಳು ಸೊಸೆಗೆ. “ಅವನು ಹೇಳಿದ್ದೇ ಸರಿ.”

ದೊಡ್ಡವಳು ಓಡಿಹೋಗಿ ಅಜ್ಜಿಯ ತೋಳು ಹಿಡಿದಳು. ಹೆಂಡತಿ ಕೈಚೀಲ ಬಿಸಾಕಿ ನೀರಿನ ಬಾಟಲಿ ತೆಗೆದಳು, ಅಯ್ಯೋ ಅತ್ತೆ, ನಿಮ್ಮನ್ನ ಹೀಗೆ ನಡೆಸಿದ್ದು ನನ್ನದೇ ತಪ್ಪು, ಬಾಲ್ಕನಿ ಬಾಲ್ಕನಿ ಅಂತ ಕುಣಿದೆ, ಕೆಳಗಿನ ಮನೆಯೇ ಇರಲಿ ಬಿಡಿ ಅಂತ ಬೆನ್ನು ಸವರಿದಳು. ಅಜ್ಜಿ ಸೋತುಬಿಟ್ರು, ಅಜ್ಜಿಗೆ ವಯಸ್ಸಾಯ್ತು ಅಂತ ಗುಬ್ಬಿ ರಾಗ ಎಳೆದಳು. ಬಸ್ಸಿನಲ್ಲಿ ಸೀಟು ಕೊಟ್ಟರೂ ಸಿಡಿಮಿಡಿಗೊಳ್ಳುತ್ತಿದ್ದ ಆ ಹೆಂಗಸು ಅಷ್ಟೂ ಕನಿಕರವನ್ನು ತಲೆ ತಗ್ಗಿಸಿ ತೆಗೆದುಕೊಂಡಳು. ಹೌದು ಪುಟ್ಟಾ, ವಯಸ್ಸಾಯ್ತು ಅಂದಳು. ಅನ್ನುತ್ತಾ ಸೊಸೆಯ ಭುಜದ ಮೇಲಿಂದ ಮಗನ ಕಡೆ ನೋಡಿದಳು. ಸುಮ್ಮನಿರು ಅನ್ನುವ ನೋಟ ಅದು.

ಮೇಸ್ತ್ರಿಗೆ ಬೇಕಾದ್ದೆಲ್ಲ ಸಿಕ್ಕಿತ್ತು. ಕೆಳಗಿನ ಮನೆ ಸಿಕ್ಕಿತು, ಗುಟ್ಟು ಗುಟ್ಟಾಗಿಯೇ ಉಳಿಯಿತು, ಗುಬ್ಬಿಗೆ ಸಮುದ್ರ ಖಾತ್ರಿ. ಸುಮ್ಮನೆ ಸೂಟ್‌ಕೇಸು ತಿರುಗಿಸಿಕೊಂಡು ಇಳಿದರೆ ಆಯಿತು. ಆದರೆ ಅಮ್ಮ ತನ್ನ ಗಟ್ಟಿ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುದುಕಿಯ ಹಾಗೆ ಕೂತಿದ್ದಳು. ಅವನು ಹುಟ್ಟಿದಾಗಿನಿಂದ ಅವಳು ಹಾಗೆ ಕೂತಿದ್ದನ್ನು ನೋಡಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

“ಅಮ್ಮನಿಗೆ ಏನೂ ಆಗಿಲ್ಲ,” ಅಂದ. ಯಾರೂ ತಿರುಗಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. “ಅಮ್ಮನಿಗೆ ಏನೂ ಆಗಿಲ್ಲ ಕಣೇ. ಮಂಡಿ ಹೋಗಿರೋದು ನಂದು.”

ಹೆಂಡತಿ ಬಾಟಲಿಯ ಮುಚ್ಚಳ ಹಿಡಿದುಕೊಂಡು ಹಾಗೇ ನಿಂತಳು. ಅತ್ತೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಅವನು ಇನ್ನೂ ಬಿಡದೆ ಹಿಡಿದಿದ್ದ ಜಗಲಿಯನ್ನು ನೋಡಿದಳು. ಮೆಟ್ಟಿಲಿಳಿದು ಅವನ ಹತ್ತಿರ ಬಂದಳು. ಯಾವಾಗಿನಿಂದ ಅಂತ ಕೇಳಿದಳು. ಅವನು ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗಿದ. ಆಮೇಲೆ ಎಲ್ಲ ಒಂದೊಂದಾಗಿ ಹೊರಗೆ ಬಂತು. ಗೋಡೆ ಹಿಡಿದು ಏಳುವುದು, ಬೀದಿಯ ತಿರುವಿನಲ್ಲಿ ನಿಲ್ಲುವುದು, ಡಾಕ್ಟರು ಕೆಲಸ ಬಿಡು ಅಂದರೆ ಮುಂದೇನು ಅನ್ನುವ ಭಯ. ನೀವಾದರೂ ಹೋಗಿ ಬನ್ನಿ, ಪ್ರವಾಸ ಮಾತ್ರ ನಿಲ್ಲಿಸಬೇಡ ಅಂತ ಬೇಡಿಕೊಂಡ.

“ನಿಮ್ಮನ್ನ ಬಿಟ್ಟು ನಾನ್ಯಾವ ಸಮುದ್ರ ನೋಡ್ಲಿ?” ಅಂದಳು ಅವಳು. “ನಾಳೆ ಡಾಕ್ಟರು. ಇವತ್ತು ಸಂಜೆ ಕೆಳಗಿನ ಮನೆ ಹಿಡಿಯೋದು. ಎರಡೂ ಆಗ್ಬೇಕು.”

ಕಿಟಕಿಯಿಂದ ಏನೂ ಕಾಣಲ್ಲ ಕಣೇ, ನಿನ್ನ ಬಾಲ್ಕನಿ, ಅಂತ ಅವನು ಶುರು ಮಾಡಿದ. ಬಾಗಿಲು ತೆಗೆದರೆ ಸಮುದ್ರ ಹೊಸಿಲಲ್ಲೇ ಇರುತ್ತಲ್ಲ, ಚಹಾ ಹೊಸಿಲಲ್ಲಿ ಕೂತು ಕುಡಿದರೂ ಗಂಟಲಿಗೆ ಇಳಿಯುತ್ತೆ ಅಂತ ಅವಳು ಬಾಯಿ ಮುಚ್ಚಿಸಿದಳು. ಆಮೇಲೆ ಅವನ ತೋಳಿನ ಕೆಳಗೆ ತನ್ನ ಭುಜ ಕೊಟ್ಟು ನಿಂತಳು. ಅವನು ಮೊದಲು ಒರಗಲಿಲ್ಲ. ಆಮೇಲೆ ಪೂರ್ತಿ ಒರಗಿದ. ಅಬ್ಬಾ, ಎಷ್ಟು ಹಗುರಾಯಿತು ಅವನಿಗೆ.

ಮೇಲೆ ಅಮ್ಮ ಬಟ್ಟೆ ಕೊಡವಿಕೊಂಡು ಎದ್ದಳು. ಗುಬ್ಬಿ ನೋಡುತ್ತಿರುವ ಹಾಗೆಯೇ ಉಳಿದ ನಾಲ್ಕು ಹೆಜ್ಜೆ ಹತ್ತಿ, ಟ್ಯಾಂಕಿನ ಗೋಡೆಗೆ ಒಂದು ಪೆಟ್ಟು ಕೊಟ್ಟು, ಯಾರೇ ಸೋತೋಳು ಅಂತ ಕೇಳಿದಳು. ಸರಸರ ಇಳಿದು ಮಗನ ಎದುರು ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. ಅವನ ಮುಖದ ಬೆವರನ್ನು ಅಂಗೈಯಲ್ಲೇ ಒರೆಸಿದಳು, ದೊಡ್ಡ ಮೊಮ್ಮಗಳನ್ನು ಕರೆದು ಸೂಟ್‌ಕೇಸಿನ ಒಂದು ಕಡೆ ಹಿಡಿಸಿ, ಇನ್ನೊಂದು ಕಡೆ ತಾನು ಹಿಡಿದಳು.

ಕೊಡಮ್ಮಾ ಅಂದ ಅವನು, ನಾನು ಹೇಗೋ ಎಳೀತೀನಿ. ಮೆಟ್ಟಿಲಲ್ಲಿ ಕೇಳಿದ, ಇಳಿಜಾರಿನಲ್ಲಿ ಕೇಳಿದ, ಬಸ್ ನಿಲ್ದಾಣದ ಹತ್ತಿರ ಜನರೆಲ್ಲ ನೋಡುತ್ತಿರುವಾಗ ನಾಚಿಕೆಯಿಂದ ಮತ್ತೊಮ್ಮೆ ಕೇಳಿದ. ಅವಳು ಮನೆ ಬಾಗಿಲಿನ ತನಕ ಕೊಡಲಿಲ್ಲ.