ಐದು ನಿಮಿಷದ ಕತ್ತೆ

ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಫೋಟೊಗ್ರಾಫರ್ ಗಿರಾಕಿಗಳಿಗೆ ಕತ್ತೆಯ ಕಥೆ ಹೇಳುತ್ತಿದ್ದರೆ, ಹಿಂದಿನ ಕತ್ತಲೆಕೋಣೆಯಲ್ಲಿ ಅವನ ಹೆಂಡತಿ ಫಿಲ್ಮು ತೊಳೆಯುತ್ತಿದ್ದಳು. ಕಣ್ಣಿಗೆ ಕೈ ಕಾಣದ ಕತ್ತಲು. ಗಡಿಯಾರ ಕಾಣುವ ಮಾತೆಲ್ಲಿ? ಹೊಳೆಯುವ ಮುಳ್ಳಿನದನ್ನು ತಂದರೆ ಆ ಬೆಳಕಿಗೇ ಫಿಲ್ಮು ಹಾಳು. ಆದರೆ ಕಥೆ ಇತ್ತಲ್ಲ. ಜ್ವರವಿರಲಿ, ಖುಷಿಯಿರಲಿ, ಗಂಡ ಮಾತು ಹೆಚ್ಚಾದಲ್ಲಿ ಒತ್ತರಿಸಿ, ಕಡಿಮೆಯಾದಲ್ಲಿ ಎಳೆದು, ಕತ್ತೆಯನ್ನು ಒಂದೇ ಹೆಜ್ಜೆಗೆ ನಡೆಸುತ್ತಿದ್ದ. ಅದು ಸೇತುವೆ ಹತ್ತಿದರೆ ಮೂರು ನಿಮಿಷ, ಸುಂಕದವನು ಅಡ್ಡ ನಿಂತರೆ ನಾಲ್ಕು, ಕೊನೆಗೆ ಅರಚಿದರೆ ಐದು: ಫಿಲ್ಮು ಎತ್ತಬೇಕು. ಈ ಗುಟ್ಟನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿಗೆ ಕಥೆಯೆಂದರೆ ಪ್ರಾಣ ಎಂದು ಆತ ಮೂವತ್ತು ವರ್ಷದಿಂದ ಉಬ್ಬಿಕೊಂಡಿದ್ದ. ಉಬ್ಬಿದವರನ್ನು ಸೂಜಿಯಿಂದ ಚುಚ್ಚಬಾರದು.

ಅಂದು ದ್ರಾವಣದಲ್ಲಿ ಮುಳುಗಿದ್ದದ್ದು ಅವಳ ಸೋದರತ್ತೆಯ ಮದುವೆಯ ಒಂದೇ ಒಂದು ರೋಲು. ಅತ್ತೆಗೆ ಅರವತ್ತೊಂದು. ಫೋಟೊ ಕೆಟ್ಟಿತು, ಇನ್ನೊಮ್ಮೆ ಮದುವೆಯಾಗಿ ಎನ್ನುವಂತಿರಲಿಲ್ಲ. ಎಂದರೆ ಒಪ್ಪಿಬಿಡುವ ಹೆಂಗಸು, ಅದೇ ಭಯ.

ಕತ್ತೆ ಸೇತುವೆ ಹತ್ತಿತು. ಅಷ್ಟರಲ್ಲಿ ಮಗಳ ಫೋಟೊ ತೆಗೆಸಲು ಬಂದಿದ್ದ ಟೈಲರ್ ಬಾಯಿ ಹಾಕಿದ.

“ಸಾರ್, ಈ ಕತ್ತೇನ ನಮ್ಮಪ್ಪನ ಕಾಲದಿಂದ ನೋಡ್ತಿದೀನಿ. ಇನ್ನೂ ಸಾಯ್ಲಿಲ್ವಾ?”

ಹೊರಗೆ ಮಾತು ನಿಂತಿತು. ಮುಂದೆ ಹೇಳಿ ಎಂದು ಅವಳು ಒಳಗಿನಿಂದಲೇ ಕೂಗಿದಳು. ಕೇಳುವವರಿಗೆ ಬೇಡವಂತೆ ಎಂದು ಮುನಿಸಿನ ಉತ್ತರ ಬಂತು. ಗಂಡನ ಮುನಿಸು ಎಷ್ಟು ಹೊತ್ತಿನದೆಂದು ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಫಿಲ್ಮು ಕಪ್ಪಾಗಿ ಅತ್ತೆ ಇದ್ದಿಲಾಗಿರುತ್ತಾಳೆ.

ಬೇರೆ ದಾರಿಯಿಲ್ಲದೆ ತಾನೇ ಕತ್ತೆಯ ಹಗ್ಗ ಹಿಡಿದಳು. ಗಂಡ ಉಗುಳು ನುಂಗುವಲ್ಲಿ ನುಂಗಿ, ಕೆಮ್ಮುವಲ್ಲಿ ಕೆಮ್ಮಿ, ಜೋರಾಗಿ ಹೇಳುತ್ತ ಸೇತುವೆ ದಾಟಿಸಿದಳು. ಮುನಿಸಿಗೆ ಹೋದ ಹೊತ್ತನ್ನು ಸರಿದೂಗಿಸಲು ಸುಂಕದವನ ಹೆಂಡತಿ ಬರುವ ಭಾಗವನ್ನೇ ಕಥೆಯಿಂದ ಕೈಬಿಟ್ಟಳು. ಹೊರಗೆ ಹುಡುಗಿ ಕಿಸಕ್ಕೆಂದಳು. ಸುಂಕದವನ ದನಿ ಹೆಣ್ಣುಗಂಟಲಲ್ಲಿ ಬಂದದ್ದನ್ನು ಸಹಿಸಲಾಗದೆ ಗಂಡ ಬಾಗಿಲಾಚೆಯಿಂದ ತಾನೂ ಸೇರಿಕೊಂಡ. ಕೊನೆಗೆ ಇಬ್ಬರೂ ಒಟ್ಟಿಗೇ ಅರಚಿದರು. ಟೈಲರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ.

ಆಮೇಲೆ ಫಿಲ್ಮನ್ನು ದೀಪಕ್ಕೆ ಹಿಡಿದರೆ ಅತ್ತೆ ಎಲ್ಲದರಲ್ಲೂ ಹಲ್ಲು ಬಿಟ್ಟಿದ್ದಳು, ಕಪ್ಪು ಹಲ್ಲು. ನೆಗೆಟಿವ್‌ನಲ್ಲಿ ಅದೇ ಶುಭ. ಸುಂಕದವನ ಹೆಂಡತಿ ಎಲ್ಲಿ ಹೋದಳೆಂದು ಗಂಡ ಜಗಳಕ್ಕೆ ಬಂದದ್ದರಿಂದ ಗುಟ್ಟು ಹೇಳಲೇಬೇಕಾಯಿತು. ಆತ ಬೆರಳು ಮಡಚಿ ಲೆಕ್ಕ ಹಾಕಿದ.

“ಅಂದ್ರೆ ಚಳಿಗಾಲದಲ್ಲಿ ಸೇತುವೆ ಹತ್ರ ಬಂದಾಗೆಲ್ಲ ‘ಟೀ ಬೇಕಾ’ ಅಂತ ಕೂಗ್ತಿದ್ದದ್ದು?”

“ಚಳೀಲಿ ಫಿಲ್ಮಿಗೆ ಆರು ನಿಮಿಷ ಬೇಕು ಕಣ್ರೀ. ಟೀ ಅಂದ್ರೆ ನೀವು ಸಕ್ಕರೆ ವಿಷ್ಯ ತೆಗೀತೀರಿ. ಅದು ಸರಿಯಾಗಿ ಒಂದು ನಿಮಿಷ.”