ಬಡಗಣ ಗೋಡೆಯ ಹಿಮ

ಹಿಮ ಬೀಳುವ ಡಾಫಿನ್ ಊರಿನ ಕಡೆಯ ಹಳಬರಿಗೊಂದು ರೂಢಿ: ಚಳಿ ಬಿದ್ದೊಡನೆ ಮನೆಯ ಬಡಗಣ ಗೋಡೆಗೆ ಹಿಮ ಒಟ್ಟುವುದು. ಗಾಳಿ ನುಸುಳುವುದಿಲ್ಲ, ಮನೆ ಬೆಚ್ಚಗಿರುತ್ತದೆ. ನೆಟ್ಟಿಯ ಮನೆಯಲ್ಲಿ ಅದು ಗಂಡ ವಾಸಿಲನ ಕೆಲಸ. ಈ ಚಳಿಗೆ ಮುಂಚಿನ ಸುಗ್ಗಿಯ ಹೊತ್ತಿಗೆ ಅವನು ತೀರಿಕೊಂಡಿದ್ದ. ಈ ಸಲ ನೆಟ್ಟಿ ತಾನೇ ಸಲಿಕೆ ಹಿಡಿದು ಸೊಂಟದೆತ್ತರ ಒಟ್ಟಿದಳು.

ಮರುದಿನ ನೆಲಮಾಳಿಗೆಯಿಂದ ಸದ್ದು ಬಂತು. ಗೊರ್, ಗೊರ್. ಮಾತಿಗೆ ಮೊದಲು ವಾಸಿಲ್ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದೇ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಇವನನ್ನು ಹೂಳಿದ್ದರು, ಇನ್ನು ಕೇಳಬೇಕೆ! ನೆಟ್ಟಿಗೆ ಮೈ ಜುಮ್ಮೆಂದಿತು, ಆಮೇಲೆ ಹಿಗ್ಗಾಯಿತು. ಕ್ರಿಸ್‌ಮಸ್ ಹಿಂದಿನ ಸಂಜೆ ಸತ್ತವರಿಗೂ ಒಂದು ತಟ್ಟೆ ಇಡುವ ಮನೆತನ ಅವರದು. ಬಂದವನನ್ನು ಬೇಡವೆನ್ನುವುದುಂಟೇ?

"ಏನು ವಾಸಿಲ್, ಚಳಿನಾ? ಇರು, ಗೋಡೆಗೆ ಇನ್ನೊಂದಿಷ್ಟು ಹಿಮ ಹಾಕ್ತೀನಿ," ಎಂದಳು ಮೆಟ್ಟಿಲ ಮೇಲೆ ಕೂತು.

ಹಾಕಿದಳು. ಏನೋ ಹೇಳಹೊರಟು ಹೇಳಲಾಗದವನ ಹಾಗೆ ಸದ್ದು ಜೋರಾಯಿತು. ಕೊನೆಗೊಂದು ಬೆಳಿಗ್ಗೆ ಸದ್ದೂ ನಿಂತಿತು, ಮನೆಯೂ ಕೊರೆಯತೊಡಗಿತು.

ಮೈದುನ ಓರೆಸ್ಟ್ ಬಂದ. ಮನೆ ಕಾಯಿಸುವ ಫರ್ನೆಸ್ ಕೂರಿಸುವುದೇ ಅವನ ಕಸುಬು. ನೆಲಮಾಳಿಗೆಯ ಈ ಹೊಸದನ್ನು ಬೇಸಿಗೆಯಲ್ಲಿ ಅವನೇ ಕೂರಿಸಿದ್ದ. ನೇರ ಬಡಗಣ ಗೋಡೆಗೆ ಹೋಗಿ ಹಿಮ ಬಗೆದ. ಎರಡು ಬಿಳಿ ಪ್ಲಾಸ್ಟಿಕ್ ಕೊಳವೆಗಳು ಕಂಡವು.

"ಅಯ್ಯೋ ಅತ್ತಿಗೆ! ಹಳೇದರ ಹೊಗೆ ಸೂರಿನ ಮೇಲೆ ಹೋಗ್ತಿತ್ತು. ಇದರ ಮೂಗು ಬಾಯಿ ಎರಡೂ ಇಲ್ಲೇ ಇರೋದು. ಕಂಬಳಿ ಹೊದಿಸಿ ಉಸಿರುಗಟ್ಟಿಸಿದ್ದೀರಲ್ಲ!"

"ಸದ್ದು ಬರ್ತಿತ್ತು ಕಣೋ. ಗಂಟಲು ಸರಿಮಾಡ್ಕೊಂಡ ಹಾಗೆ."

"ಬರದೆ ಇನ್ನೇನು? ಇದು ಹೊಗೇಲಿರೋ ಆವೀನ ನೀರು ಮಾಡಿ ಮೋರಿಗೆ ಬಿಡುತ್ತೆ. ಮೂಗು ಮುಚ್ಚಿದ್ದಕ್ಕೆ ಆ ನೀರಿನ ಪೈಪಲ್ಲೇ ಉಸಿರೆಳೆಯೋಕೆ ನೋಡಿದೆ, ಪಾಪ. ಕಂಬಳಿ ತೆಗೀರಿ ಅಂತ ಕೂಗ್ಕೊಂಡಿದೆ, ನಿಮಗೆ ತಿಳೀಲಿಲ್ಲ ಅಷ್ಟೆ. ಪುಣ್ಯಕ್ಕೆ, ಹೊಗೆ ಮನೆಯೊಳಗೆ ತುಂಬೋ ಮೊದಲೇ ತಾನೇ ಆರಿಹೋಯ್ತು."

ನೆಟ್ಟಿ ಕೊಳವೆಯ ಬಾಯಲ್ಲಿ ಉಳಿದ ಹಿಮ ಒರೆಸಿದಳು. ಆಸ್ಪತ್ರೆಯಲ್ಲಿ ಕೊನೆಯ ದಿನ ವಾಸಿಲನ ಗಂಟಲಲ್ಲಿ ಇದೇ ಗೊರಗೊರ. ಅವನ ಕೈ ಕಂಬಳಿಯನ್ನು ಎದೆಯಿಂದ ಕೆಳಕ್ಕೆ ತಳ್ಳುತ್ತಿತ್ತು. ಚಳಿಯಾದೀತೆಂದು ಅವಳು ಪ್ರತಿ ಸಲವೂ ಅದನ್ನು ಗಲ್ಲದವರೆಗೆ ಎಳೆದು ಅಂಚು ಸಿಕ್ಕಿಸಿದ್ದಳು.

ಓರೆಸ್ಟ್ ಒಳಗೆ ಹೋಗಿ ಫರ್ನೆಸ್ ಹೊತ್ತಿಸಿದ. ಕೊಳವೆಯಿಂದ ಬಿಳಿ ಆವಿ ನಿರಾಳವಾಗಿ ಹೊರಬಂತು. ನೆಲಮಾಳಿಗೆಯಲ್ಲಿ ಸದ್ದಿಲ್ಲ. ವಾಸಿಲ್ ಇನ್ನು ಬರುವುದಿಲ್ಲವೆಂದು ನೆಟ್ಟಿಗೆ ಗೊತ್ತಾಯಿತು.

"ಅಷ್ಟು ಸಾಕು ಬನ್ನಿ ಅತ್ತಿಗೆ, ಕಾಫಿ ಕುಡಿಯೋಣ," ಓರೆಸ್ಟ್ ಬಾಗಿಲಿಂದ ಕೂಗಿದ.

ಅವಳು ಕೈಗವಸು ಕಳಚಿ, ಗೋಡೆಯ ಉದ್ದಕ್ಕೂ ಬರಿಗೈಯಲ್ಲೇ ಹಿಮ ಕೆಡವುತ್ತಿದ್ದಳು.

"ತೆಗೆದೆ ವಾಸಿಲ್," ಅನ್ನುತ್ತಿದ್ದಳು. "ನೋಡು, ಎಲ್ಲಾ ತೆಗೆದೆ."