ಏಳು ಸಲ ಚುಚ್ಚಿಸಿಕೊಂಡವಳು

ಭಾನುವಾರ ಮಧ್ಯಾಹ್ನ ಚಿಫುಬು ಬಡಾವಣೆಯ ಹದಿನಾಲ್ಕನೆಯ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ನರ್ಸ್ ಬುಪೆಗೆ ಸಾಕುಸಾಕಾಗಿತ್ತು. ಜಾಂಬಿಯಾದ ನ್ಡೋಲಾ ನಗರದಲ್ಲಿ ಎಚ್‌ಐವಿ ಸೋಂಕು ಯಾವ ವಯಸ್ಸಿನವರಲ್ಲಿ ಎಷ್ಟಿದೆ, ಗಂಡಸರಲ್ಲೆಷ್ಟು, ಹೆಂಗಸರಲ್ಲೆಷ್ಟು ಎಂದು ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸಿ ಬರೆದುಕೊಳ್ಳುವುದು ಅವಳ ಕೆಲಸ. ಹೆಂಗಸರು ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಬೆರಳು ಚಾಚುತ್ತಿದ್ದರು. ಮೂವತ್ತೈದು ದಾಟಿದ ಗಂಡಸರು ಮಾತ್ರ ಅವಳ ಚೀಲ ಕಂಡೊಡನೆ ಹಿತ್ತಲಿನಿಂದ ಮಾಯವಾಗುತ್ತಿದ್ದರು. ಬೆಳಿಗ್ಗೆಯಷ್ಟೇ ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ಸೋಂಕಿದೆ ಎಂದು ಹೇಳಿ ಬಂದಿದ್ದಳು. ಆ ಬೀದಿಯ ಅವಳ ಓರಗೆಯ ಹುಡುಗರಲ್ಲಿ ಒಬ್ಬನಿಗೂ ಇರಲಿಲ್ಲ; ಕೊಟ್ಟವನು ಹೀಗೆ ಓಡುವ ಹಿರಿಯ ಗಂಡಸರಲ್ಲೇ ಒಬ್ಬನಿರಬೇಕು.

ಈ ಮನೆಯ ಯಜಮಾನ ಕಟೊಂಗೊ ಮಿನಿಬಸ್ ಚಾಲಕ. ಅವನು ಓಡಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ನ್ಶೀಮಾ ಮುದ್ದೆ ಮುರಿಯುತ್ತಾ ನಕ್ಕ.

“ಚೊಂಬಾ, ಬಾರೇ! ಸಿಸ್ಟರ್ ಬಂದಿದ್ದಾರೆ, ಬೆರಳು ಕೊಡು.”

“ನಿಮ್ಮದು, ಅಣ್ಣಾ?” ಬುಪೆ ಕೇಳಿದಳು.

“ಅವಳದ್ದೇ ನನ್ನದು. ಗಂಡ ಹೆಂಡತಿ ಒಂದೇ ಜೀವ ಅಂತ ಪಾದ್ರಿಗಳೇ ಹೇಳಿದ್ದಾರಲ್ಲ! ಅವಳ ಕ್ಲಿನಿಕ್ಕಿನ ಚೀಟಿ ನೋಡ್ತಾನೇ ಬಂದಿದ್ದೀನಿ. ಅವಳಿಗಿಲ್ಲ ಅಂದ್ರೆ ನನಗೂ ಇಲ್ಲ.”

“ಹಾಗಾದ್ರೆ ಅಕ್ಕ ಉಂಡ್ರೆ ನಿಮ್ಮ ಹೊಟ್ಟೆ ತುಂಬುತ್ತಾ? ತಟ್ಟೆ ಆ ಕಡೆ ತಳ್ಳಿ, ನೋಡೇ ಬಿಡೋಣ.”

ಚೊಂಬಾ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. ಆದರೆ ಕೂರಲಿಲ್ಲ.

“ನಾನು ಕೊಡಲ್ಲ ಸಿಸ್ಟರ್. ಏಳು ಸಲ ಚುಚ್ಚಿಸ್ಕೊಂಡಿದ್ದೀನಿ. ಮೂರು ಬಸಿರಿಗೆ ಎರಡೆರಡು ಸಲ, ಹೋದ ವರ್ಷ ಒಂದ್ಸಲ. ಇವರ ಬೆರಳೇನು ಚಿನ್ನದ್ದಾ? ಬರ್ಕೊಳ್ಳಿ, ದಪ್ಪ ಅಕ್ಷರದಲ್ಲಿ. ಈ ಮನೆ ಗಂಡಸು ಹೆದರ್ಕೊಂಡ ಅಂತ.”

ಕಟೊಂಗೊ ತಟ್ಟೆ ಸರಿಸಿದ. “ಕ್ಲಿನಿಕ್ಕಂದ್ರೆ ಬರೀ ಹೆಂಗಸರು, ಕೂಸುಗಳು. ನಮ್ಮ ಸ್ಟ್ಯಾಂಡಿನ ಮುಲೆಂಬೊ ಆ ಸಾಲಲ್ಲಿ ನಿಂತಿದ್ದು ಯಾರೋ ನೋಡಿದ್ರು. ಆಮೇಲೆ ಅವನ ಗಾಡಿಗೆ ಕಂಡಕ್ಟರೂ ಸಿಗಲಿಲ್ಲ. ತಿಳ್ಕೊಂಡು ಕೊರಗೋದಕ್ಕಿಂತ ತಿಳೀದೆ ದುಡಿಯೋದು ಮೇಲು.”

“ತಿಳ್ಕೊಂಡೋರು ಮಾತ್ರೆ ನುಂಗಿ ಮೊಮ್ಮಕ್ಕಳನ್ನ ಆಡಿಸ್ತಿದ್ದಾರೆ. ತಿಳೀದೆ ಇರೋರು ಹಂಚ್ತಿದ್ದಾರೆ!” ಬುಪೆಯ ದನಿ ಏರಿತು. ಮರುಕ್ಷಣ ತಗ್ಗಿತು. “ಸಾಲಿನ ಮಾತು ಸುಳ್ಳಲ್ಲ ಬಿಡಿ. ನಾವು ನರ್ಸುಗಳೂ ಗಂಡಸರು ಬಂದ್ರೆ ಬೈಯೋದೇ ಹೆಚ್ಚು.”

ಕಟೊಂಗೊ ಎದ್ದು ಕೈ ತೊಳೆದು ಬಂದು ಬೆರಳು ಮುಂದಿಟ್ಟು ಕುಳಿತ.

“ನೋಯುತ್ತಾ?”

“ಮೂರು ಹೆತ್ತೋಳ ಮುಂದೆ ಕೇಳ್ತಾರೆ ನೋಡಿ!” ಎಂದಳು ಚೊಂಬಾ.

ಬುಪೆ ಚುಚ್ಚಿ ಪರೀಕ್ಷೆಯ ಪಟ್ಟಿಗೆ ರಕ್ತ ಇಳಿಸಿದಳು. ಫಲಿತಾಂಶಕ್ಕೆ ಹದಿನೈದು ನಿಮಿಷ ಕಾಯಬೇಕಿತ್ತು. ಕಟೊಂಗೊ ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಹೆಂಡತಿಯ ಕಡೆ ತಿರುಗಿದ.

“ಪ್ರತಿ ಸಲ ಹೀಗೇ ಕೂತಿರ್ತಿದ್ಯಾ? ಒಬ್ಬಳೇ?”

“ಹೂಂ. ನೀವು ಸ್ಟ್ಯಾಂಡಲ್ಲಿ ಇರ್ತಿದ್ರಿ.”

ಬುಪೆ ಅವನೊಬ್ಬನನ್ನೇ ಒಳಕೋಣೆಗೆ ಕರೆದಳು. “ಅವಳೂ ಬರಲಿ,” ಎಂದ. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದ್ದವು: ಸೋಂಕಿದೆ. ಖಾತ್ರಿಗೆಂದು ಮಾಡಿದ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತು.

“ಆದ್ರೆ ಅವಳ ಚೀಟಿ...” ಕಟೊಂಗೊ ತೊದಲಿದ.

“ಅದು ಅಕ್ಕನ ಚೀಟಿ, ಅಣ್ಣಾ.”

ಚೊಂಬಾ ಗಂಡನನ್ನು ದಿಟ್ಟಿಸಿದಳು. ಅವನು ತಲೆ ಎತ್ತಲಿಲ್ಲ. ಅವಳು ಸ್ಟೂಲೆಳೆದು ಕುಳಿತು ತಾನೇ ಬೆರಳು ಚಾಚಿದಳು. ಆ ಹದಿನೈದು ನಿಮಿಷ ಅವನು ಅವಳ ಪಕ್ಕದಿಂದ ಕದಲಲಿಲ್ಲ. ಅವಳ ಪಟ್ಟಿಯಲ್ಲಿ ಮೂಡಿದ್ದು ಒಂದೇ ಗೆರೆ: ಸೋಂಕಿಲ್ಲ.

“ನಿಮ್ಮ ಹತ್ರ ಕೇಳೋದು ತುಂಬಾ ಇದೆ,” ಎಂದಳು ಚೊಂಬಾ ಗಂಡನಿಗೆ. “ಮೊದಲು ಮಾತ್ರೆ ತಗೊಳ್ಳಿ.”

ಸೋಮವಾರ ಕಟೊಂಗೊ ಬಸ್ಸನ್ನು ಬೇರೊಬ್ಬನಿಗೆ ಒಪ್ಪಿಸಿ ಕ್ಲಿನಿಕ್ಕಿಗೆ ಹೋದ. ಸಾಲಿನ ತುಂಬ ಹೆಂಗಸರು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹೆಂಡ್ತೀನ ಕರ್ಕೊಂಡು ಬಂದ್ಯೇನಪ್ಪಾ?”

“ಇಲ್ಲ ಅಜ್ಜೀ. ನನಗೇ.”

ಅಜ್ಜಿ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.